ಮುಖ ಕಾಣದ ವಿಡಿಯೋ

ಅಕ್ಕನಿಗೆ ಮಾತು ಬರುತ್ತದೆ, ತಮ್ಮನಿಗೆ ಕೆಲಸ ಬರುತ್ತದೆ. ಪಾಲು ಮಾಡುವಾಗ ದೇವರು ಸ್ವಲ್ಪ ಅವಸರ ಮಾಡಿದ್ದಾನೆ ಎಂದು ಅವರ ಅಪ್ಪ ನಗುತ್ತಿದ್ದ. ಅಪ್ಪ ಹೋದ ಮೇಲೆ ಬೀಗದ ಅಂಗಡಿ ಇಬ್ಬರ ಹೆಗಲಿಗೆ ಬಂತು. ಅಂಗಡಿಯೆಂದರೆ ದೊಡ್ಡದೇನಲ್ಲ, ಎರಡು ಕಟ್ಟಡಗಳ ನಡುವೆ ಉಳಿದ ಸಂದಿಗೆ ಷಟರ್ ಹಾಕಿದಂತಿತ್ತು. ಒಂದು ಗೋಡೆಯ ತುಂಬ ಮೊಳೆಗಳು, ಮೊಳೆಗಳ ತುಂಬ ಇನ್ನೂ ಹಲ್ಲು ಕೊರೆಯದ ಖಾಲಿ ಕೀಗಳು. ಇನ್ನೊಂದು ಗೋಡೆಗೆ ಒತ್ತಿ ಒಂದು ಮೇಜು, ಅದರ ಮೇಲೆ ಕೀ ಉಜ್ಜುವ ಅರಗಳು, ಇಕ್ಕಳ, ಸದಾ ಚೆಲ್ಲಿರುವ ಹಿತ್ತಾಳೆಯ ಪುಡಿ. ಗಿರಾಕಿ ಒಳಗೆ ಬಂದರೆ ಅಕ್ಕ ಎದ್ದು ನಿಲ್ಲಬೇಕು, ಇಲ್ಲದಿದ್ದರೆ ಅವರಿಗೆ ಕಾಲಿಡಲು ಜಾಗವಿಲ್ಲ.

ಮುಖ್ಯ ಬೀದಿಯ ದೊಡ್ಡ ಅಂಗಡಿಯವರು ಕೀ ಕತ್ತರಿಸುವ ಯಂತ್ರ ತಂದು ಗಾಜಿನ ಹಿಂದೆ ಕೂರಿಸಿದ ದಿನದಿಂದ ಅಕ್ಕನಿಗೆ ಎದ್ದು ನಿಲ್ಲುವ ಕೆಲಸವೂ ತಪ್ಪಿತು. ತಮ್ಮ ಒರೆಸಿದ ಅರಗಳನ್ನೇ ಮತ್ತೆ ಒರೆಸಿದ. ಅಕ್ಕ ನೊಣ ಹೊಡೆಯುತ್ತ ಕೂತಳು. ಕೂತು ಕೂತು ಸಾಕಾಗಿ ಒಂದು ದಿನ ಫೋನು ಎತ್ತಿ ತಮ್ಮನ ಕೈಗಳ ವಿಡಿಯೋ ಮಾಡಿದಳು.

ಇದನ್ನು ಸುಲಭದ ಕೆಲಸ ಅಂದುಕೊಳ್ಳುವವರು ಒಂದು ವಾರ ಮಾಡಿ ನೋಡಲಿ. ಅಕ್ಕನ ಮೊದಮೊದಲ ವಿಡಿಯೋಗಳನ್ನು ನೋಡಿದವರು ಅವಳ ಚಿಕ್ಕಮ್ಮ ಮತ್ತು ಚಿಕ್ಕಮ್ಮನ ಅಳಿಯ, ಇಬ್ಬರೇ. ಅಳಿಯನೂ ಅತ್ತೆಯ ಭಯಕ್ಕೆ ನೋಡಿದ್ದು. ಆದರೆ ಅಕ್ಕ ಹಟದವಳು, ಒಂದೊಂದೇ ಕಲಿತಳು. ಅಂಗಡಿಯ ಬೋರ್ಡಿನಿಂದ ಶುರು ಮಾಡಿದರೆ ಯಾರೂ ನಿಲ್ಲುವುದಿಲ್ಲ, ಹಿತ್ತಾಳೆಯ ಮೇಲೆ ಅರ ಎಳೆಯುವ ಸದ್ದಿನಿಂದ ಶುರು ಮಾಡಿದರೆ ನಿಲ್ಲುತ್ತಾರೆ. ಹಾಡು ಬೇಡ, ಸದ್ದೇ ಸಾಕು. 'ನಮ್ಮಲ್ಲಿಗೆ ಬನ್ನಿ' ಅಂದರೆ ಯಾರೂ ಬರುವುದಿಲ್ಲ. 'ಈ ಬೀಗ ಯಾಕೆ ಕೆಟ್ಟಿತು, ಹೇಳಿ ನೋಡೋಣ' ಅಂದರೆ ಜಗಳಕ್ಕೆಂದೇ ನೂರು ಜನ ಬರುತ್ತಾರೆ, ಅವರಲ್ಲಿ ಕೆಲವರು ಕೆಟ್ಟ ಬೀಗ ಹಿಡಿದು ಅಂಗಡಿಗೂ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಬರೆದವರಿಗೆಲ್ಲ ಉತ್ತರ ಕೊಡಬೇಕು, ಅದೂ ಬಿಸಿ ಆರುವ ಮೊದಲೇ. ಅಕ್ಕ ಒಲೆಯ ಮುಂದೆ ನಿಂತೂ ಉತ್ತರ ಬರೆದಳು, ಬಸ್ಸಿನಲ್ಲಿ ಜೋತಾಡುತ್ತಲೂ ಬರೆದಳು. ಅವಳ ಉತ್ತರ ಸಿಗದೆ ಹೋದವರು ಯಾರೂ ಇಲ್ಲ ಎನ್ನುವುದು ಅವಳ ಹೆಮ್ಮೆ.

ಅಂಥ ದಿನಗಳಲ್ಲಿ ನರ್ಸಮ್ಮ ಬಂದಳು. ಆಸ್ಪತ್ರೆಯ ಉಡುಪಿನಲ್ಲೇ ಬಂದಿದ್ದಳು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. ಹೊಸದಾಗಿ ಬಾಡಿಗೆಗೆ ಹಿಡಿದ ಮನೆಗೆ ಗಟ್ಟಿ ಬೀಗ ಬೇಕು ಎಂದಳು. ಹಳೆಯದು ಚೆನ್ನಾಗಿಯೇ ಇದೆಯಲ್ಲ ಎಂದು ತಮ್ಮ ಕೇಳಿದ್ದಕ್ಕೆ, "ಇರಬಹುದು. ಅದರ ಕೀ ಯಾರ್ಯಾರ ಹತ್ರ ಇದೆಯೋ ನಂಗೊತ್ತಿಲ್ಲ" ಎಂದಳು. ತಮ್ಮ ಹೋಗಿ ಬೀಗ ಕೂರಿಸಿ ಬಂದ. ಎರಡು ದಿನ ಬಿಟ್ಟು ಮಗಳಿಗೆಂದು ಇನ್ನೊಂದು ಕೀ ಮಾಡಿಸಲು ಅವಳು ಮತ್ತೆ ಬಂದಾಗ ಅಕ್ಕ ಫೋನು ಹಿಡಿದು ನಿಂತಿದ್ದಳು.

"ನನ್ನ ಮುಖ ಬರಬಾರ್ದು," ಎಂದಳು ನರ್ಸಮ್ಮ.

"ಛೆ ಛೆ, ಕೈ ಮಾತ್ರ," ಎಂದಳು ಅಕ್ಕ.

ಮಾತು ತಪ್ಪಲಿಲ್ಲ. ಮುಖವಿರಲಿ, ನರ್ಸಮ್ಮನ ಸೆರಗಿನ ತುದಿಯೂ ಕಾಣಲಿಲ್ಲ. ತಮ್ಮನ ಕೈ, ಅರ, ಉದುರುವ ಚಿನ್ನದ ಬಣ್ಣದ ಪುಡಿ. ಕೊನೆಯಲ್ಲಿ ಅಕ್ಕ ಹೊಸ ಕೀಯನ್ನು ಬೆಳಕಿಗೆ ಎತ್ತಿ ಹಿಡಿದಳು, ಒಂದೊಂದು ಹಲ್ಲೂ ಎಣಿಸುವಷ್ಟು ಹತ್ತಿರ. ಆಗಲೇ ಹಿಂದಿನಿಂದ ಒಂದು ಉಸಿರು ಬಿಟ್ಟ ಸದ್ದು, ಮತ್ತು ಸಣ್ಣ ದನಿ: "ಅಬ್ಬಾ. ಇನ್ಮೇಲೆ ನಂಗೆ ನಿದ್ದೆ ಬರುತ್ತೆ."

ಮನೆಯಲ್ಲಿ ಕೂತು ವಿಡಿಯೋ ಕತ್ತರಿಸುವಾಗ ಅಕ್ಕ ಆ ಮಾತಿನ ಹತ್ತಿರ ಬಂದು ನಿಂತಳು. ತೆಗೆಯಲೇ, ಇಡಲೇ? ಆ ಒಂದು ಮಾತಿನಲ್ಲೇ ಇಡೀ ವಿಡಿಯೋದ ಜೀವ ಇದೆ ಎಂದು ಅವಳಿಗೆ ಗೊತ್ತಾಗಿತ್ತು. ಬೀಗ ಮಾರುವವನು ಕೊಡುವುದು ಬೀಗವಲ್ಲ, ನಿದ್ದೆ; ಇದನ್ನು ಯಾವ ಜಾಹೀರಾತಿನವನೂ ಇಷ್ಟು ಚೆನ್ನಾಗಿ ಹೇಳಲಾರ. ಮುಖ ತಾನೇ ಬೇಡ ಅಂದದ್ದು ಎಂದುಕೊಂಡು ಇಟ್ಟಳು.

ಆ ವಿಡಿಯೋ ಕಾಡಿಗೆ ಬಿದ್ದ ಬೆಂಕಿಯ ಹಾಗೆ ಹಬ್ಬಿತು. ಲಕ್ಷ ಜನ ನೋಡಿದರು, ಲಕ್ಷದ ಮೇಲೂ ನೋಡಿದರು. 'ಆ ದನಿ ಕೇಳಿ ಅಳು ಬಂತು' ಎಂದು ಎಲ್ಲೆಲ್ಲಿಯವರೋ ಬರೆದರು. ಚಿಕ್ಕಮ್ಮನ ಅಳಿಯ ಯಾರೂ ಹೇಳದೆಯೇ ನೋಡಿದ. ಅಂಗಡಿಯ ಮುಂದೆ ಜನ ನಿಲ್ಲತೊಡಗಿದರು. ದೊಡ್ಡ ಹಾಸ್ಟೆಲ್ಲಿನ ಮ್ಯಾನೇಜರೊಬ್ಬ ಫೋನು ಮಾಡಿ, ತನ್ನ ಅಷ್ಟೂ ಕೋಣೆಗಳ ಬೀಗ ಇವರ ಕೈಲೇ ಆಗಬೇಕು, ಬುಧವಾರ ಮಧ್ಯಾಹ್ನ ಬಂದು ಮಾತು ಮುಗಿಸುತ್ತೇನೆ ಎಂದ. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಬುಧವಾರ ಮಧ್ಯಾಹ್ನ, ಮ್ಯಾನೇಜರಿನ ದಾರಿ ನೋಡುತ್ತ, ಮೇಜು ಒರೆಸಿ ಕೂತಿದ್ದಾಗ ಫೋನು ಟಿಣ್ ಎಂದಿತು. ಆ ವಿಡಿಯೋದ ಕೆಳಗೆ ಯಾರೋ ಒಬ್ಬ ಫೋಟೋ ಹಾಕಿದ್ದ. ತನ್ನನ್ನು 'ಹಿತ್ತಾಳೆ ಹುಚ್ಚ' ಎಂದು ಕರೆದುಕೊಳ್ಳುವ ಆ ಮನುಷ್ಯ ಇವರ ಒಂದು ವಿಡಿಯೋವನ್ನೂ ಬಿಟ್ಟವನಲ್ಲ. ಎಲ್ಲೋ ದೂರದೂರಿನಲ್ಲಿ ಮನೆಯ ಹಿಂದಿನ ಷೆಡ್ಡಿನಲ್ಲಿ ಹವ್ಯಾಸಕ್ಕೆ ಕೀ ಉಜ್ಜುತ್ತಾನೆ. ಫೋಟೋದಲ್ಲಿ ಅವನ ಅಂಗೈ, ಅಂಗೈ ಮೇಲೊಂದು ಹೊಸ ಕೀ. 'ನಿಮ್ಮ ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿಕೊಂಡು ಮಾಡಿದೆ, ಗುರುಗಳೇ. ಹಲ್ಲು ಸರಿಯಾಗಿ ಬಂದಿದೆಯಾ?'

ಅಕ್ಕನಿಗೆ ಖುಷಿಯಾಯಿತು. "ನೋಡೋ, ನಿಂಗೆ ಶಿಷ್ಯ ಹುಟ್ಟಿದ್ದಾನೆ," ಎಂದು ಫೋನನ್ನು ತಮ್ಮನ ಮುಂದೆ ಹಿಡಿದಳು.

ತಮ್ಮ ನೋಡಿದ. ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಇನ್ನೊಮ್ಮೆ ನೋಡಿದ. ಅವನ ಮುಖದ ಬಣ್ಣ ಇಳಿದುದನ್ನು ಅಕ್ಕ ಕಣ್ಣಾರೆ ಕಂಡಳು.

"ತೆಗೆಯುತ್ತೆ," ಎಂದ.

"ಏನು?"

"ಆ ಬಾಗ್ಲು. ಈ ಕೀ ಆ ಬಾಗ್ಲು ತೆಗೆಯುತ್ತೆ, ಅಕ್ಕಾ."

ಅಪ್ಪ ಇದ್ದಾಗ ಗಿರಾಕಿಯ ಕೀಯನ್ನು ಇಸ್ಪೀಟಿನ ಎಲೆಯ ಹಾಗೆ ಬಚ್ಚಿಡುತ್ತಿದ್ದ. ಅಂಗೈ ಕೆಳಗೆ ಇಟ್ಟುಕೊಂಡೇ ಉಜ್ಜುತ್ತಿದ್ದ, ಪಕ್ಕದಲ್ಲಿ ಇನ್ನೊಬ್ಬರು ನಿಂತರೆ ಮೇಲೊಂದು ಬಟ್ಟೆ ಎಸೆಯುತ್ತಿದ್ದ, ಕೊಡುವಾಗ ಮುಷ್ಟಿಯಿಂದ ಮುಷ್ಟಿಗೆ ಕೊಡುತ್ತಿದ್ದ. ಮಕ್ಕಳಿಬ್ಬರೂ ಅದನ್ನು ಅಣಕಿಸಿ ನಗುತ್ತಿದ್ದರು. ಅಪ್ಪ ಯಾಕೆ ಹಾಗೆ ಮಾಡುತ್ತಾನೆ ಎಂದು ಒಂದು ದಿನವೂ ಕೇಳಿರಲಿಲ್ಲ. ಈಗ ಕೇಳದೆಯೇ ತಿಳಿಯಿತು.

"ಆಯ್ತು, ಅವನು ಪಾಪದವನು," ಎಂದಳು ಅಕ್ಕ, ತನಗೆ ತಾನೇ ಧೈರ್ಯ ಹೇಳಿಕೊಳ್ಳುವಂತೆ. "ಅವನಂಥ ಇನ್ನೊಬ್ಬ ಮಾಡ್ಕೊಂಡ ಅಂತಾನೇ ಇಟ್ಕೋ. ಯಾವ ಬಾಗ್ಲು ಅಂತ ಅವನಿಗೇನು ಗೊತ್ತು? ಲೋಕದಲ್ಲಿ ಕೋಟಿ ಬಾಗ್ಲು ಇದಾವೆ. ಯಾರ ಮನೆ ಅಂತ ನಾವೇನು ಯಾರಿಗೂ..."

ಮಾತು ಅಲ್ಲಿಗೆ ನಿಂತಿತು.

ಮೆಸೇಜುಗಳನ್ನು ತೆಗೆದು ಕೆಳಗೆ ಎಳೆದಳು, ಇನ್ನೂ ಕೆಳಗೆ. ಸಿಕ್ಕಿತು. ಕಳೆದ ವಾರದ್ದು. 'ಈ ವಿಡಿಯೋದಲ್ಲಿರುವ ಬೀಗವೇ ನಮ್ಮ ಮನೆಗೂ ಬೇಕಿತ್ತು ಮೇಡಂ. ಹಾಕಿಸುವ ಮೊದಲು ಒಂದು ಸಲ ಕಣ್ಣಲ್ಲಿ ನೋಡಬೇಕು. ಎಲ್ಲಿ ಹಾಕಿದ್ದೀರಿ?' ಈ ಕಸುಬಿನಲ್ಲಿ ಇದು ಹೊಸ ಪ್ರಶ್ನೆಯೇನಲ್ಲ. ಹಾಕಿದ ಕೆಲಸವನ್ನು ತೋರಿಸಿಯೇ ಹೊಸ ಕೆಲಸ ಹಿಡಿಯಬೇಕು. ಅಪ್ಪನೂ 'ಆ ಗೋಡೌನಿನ ಗೇಟು ನೋಡ್ಕೊಂಡು ಬನ್ನಿ, ನನ್ನ ಕೈದೇ' ಎನ್ನುತ್ತಿದ್ದ. ಅಕ್ಕ ಬಿಸಿ ಆರುವ ಮೊದಲೇ ಉತ್ತರಿಸಿದ್ದಳು: 'ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಹಳದಿ ಕಟ್ಟಡ ಸಾರ್, ಎರಡನೇ ಮಹಡಿ, ಬಲಗಡೆ ಬಾಗಿಲು. ಹೊರಗಿನಿಂದಲೇ ನೋಡಬಹುದು.' ಜೊತೆಗೊಂದು ನಗುವ ಮುಖ. ಅವನು ಬರೆದಿದ್ದ: 'ತುಂಬ ಉಪಕಾರವಾಯಿತು.'

ಅವನ ಖಾತೆ ತೆರೆದಳು. ಫೋಟೋ ಇಲ್ಲ. ಸ್ನೇಹಿತರಿಲ್ಲ. ಆ ಒಂದು ಪ್ರಶ್ನೆ ಕೇಳಲೆಂದೇ ಹುಟ್ಟಿದ ಖಾತೆಯಂತಿತ್ತು. ಗಟ್ಟಿ ಬೀಗ, ಬೇಡವೆಂದ ಮುಖ, ಬಾರದ ನಿದ್ದೆ, ಎಲ್ಲ ಈಗ ಒಂದಕ್ಕೊಂದು ಕೂಡಿತು. ನರ್ಸಮ್ಮನ ಮುಖ ಯಾರಿಗೂ ಕಾಣದಿದ್ದರೇನು, ದನಿ ಗೊತ್ತಿರುವವನಿಗೆ ಮುಖ ಯಾಕೆ ಬೇಕು? ಅವಳು ಯಾರಿಂದ ತಪ್ಪಿಸಿಕೊಂಡು ಹೊಸ ಮನೆ ಹಿಡಿದಿದ್ದಳೋ, ಅವನ ಕೈಗೆ ಅಕ್ಕ ಕೀಯನ್ನೂ ಕೊಟ್ಟಿದ್ದಳು, ಬಾಗಿಲನ್ನೂ ತೋರಿಸಿದ್ದಳು.

ಅವಳು ಫೋನನ್ನು ತಮ್ಮನ ಕಡೆ ತಿರುಗಿಸಿದಳು. ತಮ್ಮ ಓದಿದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಗೋಡೆಯಿಂದ ಆ ಜಾತಿಯ ಬೀಗದ ಖಾಲಿ ಕೀಗಳನ್ನು ಒಂದು ಹಿಡಿ ಕಿತ್ತುಕೊಂಡ, ಹೊಸ ಬೀಗವೊಂದನ್ನು ಚೀಲಕ್ಕೆ ಹಾಕಿದ.

"ಮಗು ಶಾಲೆ ಬಿಟ್ಟು ಬಂದಿರುತ್ತೆ ಈ ಹೊತ್ತಿಗೆ," ಎಂದ. "ಒಂದೇ ಇರುತ್ತೆ. ಅದಕ್ಕೇ ಅಲ್ವಾ ಆ ಕೀ ಮಾಡಿಸಿದ್ದು."

ಅಕ್ಕ ನರ್ಸಮ್ಮನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಆಸ್ಪತ್ರೆಗೆ ಮಾಡಿದರೆ, ವಾರ್ಡಿನಲ್ಲಿದ್ದಾರೆ, ಬಂದಮೇಲೆ ಹೇಳುತ್ತೇವೆ ಎಂದರು. "ಈಗ್ಲೇ ಹೇಳಿ. ಬೀಗದ ಅಂಗಡಿಯವರು ಅನ್ನಿ. ಮನೆಗೆ ಬರೋಕೆ ಹೇಳಿ, ಮಗಳ ವಿಷಯ ಅನ್ನಿ," ಎಂದಳು.

ಷಟರ್ ಅರ್ಧ ಇಳಿದಿತ್ತು, ಅಷ್ಟರಲ್ಲಿ ಕಾರೊಂದು ಬಂದು ನಿಂತು ಹಾಸ್ಟೆಲ್ ಮ್ಯಾನೇಜರು ಇಳಿದ. "ಏನಮ್ಮಾ, ನಾನು ಬರೋ ಹೊತ್ತಿಗೇ ಮುಚ್ತಾ ಇದ್ದೀರಲ್ಲ? ಇದೇನು ವ್ಯಾಪಾರ?" ಎಂದ. ಅಕ್ಕ ಅವನ ಮುಖ ನೋಡಿದಳು, ತಮ್ಮ ಶುರು ಮಾಡಿದ್ದ ಸ್ಕೂಟರಿನ ಹಿಂದೆ ಹತ್ತಿ ಕೂತಳು. ಅವಳ ಜೀವಮಾನದಲ್ಲಿ ಮೊದಲ ಬಾರಿಗೆ ಒಬ್ಬ ಗಿರಾಕಿ ಉತ್ತರವಿಲ್ಲದೆ ನಿಂತ.

ದಾರಿಯಲ್ಲೇ ವಿಡಿಯೋ ಅಳಿಸಿದಳು. ನಿಜವಾಗಿಯೂ ಅಳಿಸಬೇಕೆ ಎಂದು ಫೋನು ಕೇಳಿತು, ಒತ್ತಿದಳು. ಊರೆಲ್ಲ ಡಂಗುರ ಸಾರಿಯಾದ ಮೇಲೆ ತಮಟೆ ಒಳಗಿಟ್ಟಂತಾಯಿತು, ಅಷ್ಟೇ. ಎಷ್ಟು ಜನ ಅದನ್ನು ಉಳಿಸಿಕೊಂಡಿದ್ದಾರೋ, ಎಷ್ಟು ಕಡೆ ಹಂಚಿದ್ದಾರೋ. ಮೊನ್ನೆವರೆಗೆ ಆ ಸಂಖ್ಯೆ ನೋಡಿ ಹಿಗ್ಗುತ್ತಿದ್ದವಳು ಈಗ ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಂಡಳು. ಸಿಗ್ನಲಿನಲ್ಲಿ ಕೆಂಪು ದೀಪ ಬಿತ್ತು. ತಮ್ಮ ಜೀವಮಾನದಲ್ಲಿ ಒಂದು ಸಿಗ್ನಲ್ಲೂ ಹಾರಿದವನಲ್ಲ, ಅವತ್ತು ನಿಲ್ಲಿಸಲಿಲ್ಲ.

ಹಳದಿ ಕಟ್ಟಡದ ಮೆಟ್ಟಿಲು ಕತ್ತಲೆಯಾಗಿತ್ತು, ಮೆಟ್ಟಿಲ ತುಂಬ ಪ್ರೆಸ್ಸಿನ ಶಾಯಿಯ ವಾಸನೆ. ಎರಡನೇ ಮಹಡಿಯ ಬಲಗಡೆ ಬಾಗಿಲು ಮುಚ್ಚಿತ್ತು. ಬೀಗ ನೆಟ್ಟಗಿತ್ತು. ಅಕ್ಕ ಮೆಲ್ಲಗೆ ತಟ್ಟಿದಳು. ಒಳಗೆ ಓಡುತ್ತಿದ್ದ ಟೀವಿ ತಟ್ಟನೆ ನಿಂತಿತು.

"ಯಾರು?" ಪುಟ್ಟ ದನಿ.

ಮಗು ಇದೆ, ಕ್ಷೇಮವಾಗಿದೆ. ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಬೀಗದ ಅಂಗಡಿ ಅತ್ತೆ ಕಣಮ್ಮಾ. ನಿಮ್ಮನೆ ಬೀಗ ಹಾಕಿದ್ವಲ್ಲ, ಅವ್ರು. ಬೀಗ ಬದಲಾಯಿಸ್ಬೇಕಿತ್ತು, ಸ್ವಲ್ಪ ತೆಗೀತೀಯಾ?"

"ಅಮ್ಮ ಇಲ್ಲ. ಅಮ್ಮ ಇಲ್ದಾಗ ಯಾರಿಗೂ ತೆಗೀಬಾರ್ದು."

ಅಕ್ಕ ತಮ್ಮನ ಮುಖ ನೋಡಿದಳು. ಬೀಗ ಬದಲಾಯಿಸಲು ಬಾಗಿಲು ತೆರೆದಿರಬೇಕು, ಅದರ ಸ್ಕ್ರೂ ಇರುವುದು ಬಾಗಿಲ ಅಂಚಿನಲ್ಲಿ. ಹಟಕ್ಕೆ ಬಿದ್ದರೆ ತಮ್ಮ ಹೊರಗಿನಿಂದಲೇ ತೆಗೆದಾನು. ಆದರೆ ಯಾರಿಗೂ ತೆಗೆಯಬೇಡ ಎಂದು ಕಲಿತ ಮಗುವಿನ ಕಣ್ಣೆದುರು ಬಾಗಿಲು ತಾನಾಗಿ ತೆರೆದುಕೊಂಡರೆ ಅದು ಇನ್ನು ಯಾವ ಬಾಗಿಲನ್ನು ನಂಬೀತು?

"ಜಾಣೆ," ಎಂದಳು ಅಕ್ಕ. "ತೆಗೀಬೇಡ. ನಮ್ಗೂ ತೆಗೀಬೇಡ. ಮೇಲೆ ಚಿಲಕ ಇದೆಯಲ್ಲ ಪುಟ್ಟಿ, ಅದು ಹಾಕ್ಕೋ."

"ಎತ್ತರ ಇದೆ."

"ಕುರ್ಚಿ ಹಾಕ್ಕೊಂಡು ನೋಡು."

ಕುರ್ಚಿ ಎಳೆಯುವ ಸದ್ದಾಯಿತು. ಆಮೇಲೆ ಏದುಸಿರು, ಕಬ್ಬಿಣ ಅಲುಗದ ಸದ್ದು. ತಮ್ಮ ತಲೆಯಾಡಿಸಿ ಪಿಸುಗುಟ್ಟಿದ. "ಬಣ್ಣ ಬಳಿದು ಕಚ್ಕೊಂಡಿದೆ ಅದು. ಮೊನ್ನೆ ನನ್ನ ಕೈಗೇ ಜಗ್ಗಲಿಲ್ಲ. ಬೀಗ ಹೊಸದಿದೆಯಲ್ಲ ಅಂತ ಸುಮ್ಮನಾದೆ."

ಕೆಳಗೆ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಅವಸರದ ಹೆಜ್ಜೆಯಲ್ಲ. ಅಕ್ಕ ಮೆಟ್ಟಿಲ ಕಂಬಿಯ ಮೇಲಿಂದ ಬಗ್ಗಿ ನೋಡಿದಳು. ಇಸ್ತ್ರಿ ಮಾಡಿದ ಅಂಗಿ, ನುಣ್ಣಗೆ ಬಾಚಿದ ತಲೆ, ಒಂದು ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಡಬ್ಬ. ಇನ್ನೊಂದು ಕೈಯ ಬೆರಳಿನಲ್ಲಿ ಉಂಗುರದಂತೆ ತಿರುಗುತ್ತಿದ್ದ ಒಂದೇ ಒಂದು ಕೀ.

ಅವಳು ತಿರುಗುವಷ್ಟರಲ್ಲಿ ತಮ್ಮ ಚೀಲದಿಂದ ಖಾಲಿ ಕೀ ತೆಗೆದಿದ್ದ. ಬೀಗದ ಬಾಯಿಗೆ ಕೊನೆಯವರೆಗೆ ತೂರಿಸಿದ, ಇಕ್ಕಳದಿಂದ ಹಿಡಿದು ಒಂದೇ ಸಲಕ್ಕೆ ಬಗ್ಗಿಸಿದ. ಟಕ್ ಎಂದು ತಲೆ ಮುರಿದು ಕೈಗೆ ಬಂತು, ಮೈ ಒಳಗೇ ಉಳಿಯಿತು. ಬದುಕೆಲ್ಲ ಬೀಗ ಸರಿ ಮಾಡಿಕೊಂಡು ಬಂದವನು ತಾನೇ ಕೂರಿಸಿದ ಬೀಗವನ್ನು ಕೆಡಿಸಿ, ಇಕ್ಕಳ ಜೇಬಿಗೆ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

ಬಂದವನು ಇವರನ್ನು ನೋಡಿ ನಿಂತ. ಕಣ್ಣು ತಮ್ಮನ ಕೈಗಳ ಮೇಲೆ ಹೋಯಿತು, ನಕ್ಕ.

"ಓ, ಅಂಗಡಿಯವ್ರೇ. ಮುಖ ನೋಡಿರ್ಲಿಲ್ಲ, ಕೈ ಗುರುತು ಸಿಕ್ತು. ಅದೆಷ್ಟು ಸಲ ನೋಡಿದೀನಿ ಗೊತ್ತಾ ನಿಮ್ಮ ವಿಡಿಯೋ!" ದನಿ ತುಂಬ ಮೃದು. "ಸ್ವಲ್ಪ ಸರೀತೀರಾ? ನನ್ನ ಮನೆ ಇದು."

"ನಿಮ್ಮ ಮನೆ ಅಲ್ಲ," ಎಂದಳು ಅಕ್ಕ.

"ನನ್ನ ಹೆಂಡತಿ ಮನೆ ಅಂದ್ರೆ ನನ್ನ ಮನೆ ತಾನೇ?" ಅವನು ಅವರಿಬ್ಬರ ನಡುವೆ ಕೈ ತೂರಿಸಿ ಕೀಯನ್ನು ಬೀಗಕ್ಕೆ ಒತ್ತಿದ. ಹೋಗಲಿಲ್ಲ. ಬಗ್ಗಿ ನೋಡಿದ, ಮತ್ತೆ ಒತ್ತಿದ. ಒಳಗೆ ಕೂತ ಹಿತ್ತಾಳೆಯ ತುಂಡು ಮಿಣ್ಣಗೆ ಹೊಳೆಯಿತು. ಅವನ ಕತ್ತಿನ ನರ ಉಬ್ಬಿತು. ನಗು ಮಾತ್ರ ಹಾಗೇ ಇತ್ತು.

ಆಮೇಲೆ ಅವನು ಅವರನ್ನು ಬಿಟ್ಟೇಬಿಟ್ಟ. ಬಾಗಿಲಿಗೆ ಬಾಯಿ ಹತ್ತಿರ ತಂದ. "ಪುಟ್ಟಾ. ಅಪ್ಪ ಬಂದಿದೀನಿ ಕಣಮ್ಮಾ. ಬಾಗ್ಲು ತೆಗಿ."

ಒಳಗೆ ಕುರ್ಚಿ ಸದ್ದಾಯಿತು. ಯಾರೋ ಕೆಳಗಿಳಿದಂತೆ.

ಹೊರಗಿನ ಬೀಗ ಕೆಟ್ಟರೇನು, ಒಳಗಿನ ಹಿಡಿ ತಿರುಗಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ. ಗುರುತಿನ ದನಿ, ಅಪ್ಪನ ದನಿ. ಎಷ್ಟು ದಿನದಿಂದ ಕೇಳದ ದನಿಯೋ. ಯಾವ ಮಗು ತಡೆದೀತು?

"ನಿಂಗೆ ಏನು ತಂದಿದೀನಿ ನೋಡು. ತೆಗಿ ಕಂದಾ. ಅಮ್ಮಂಗೆ ಹೇಳಲ್ಲ."

ಬಾಗಿಲ ಆಚೆ ಹತ್ತಿರದಲ್ಲೇ ಸಣ್ಣ ಉಸಿರು ಕೇಳಿಸುತ್ತಿತ್ತು. ತಮ್ಮ ಕಣ್ಣು ಮುಚ್ಚಿಕೊಂಡಿದ್ದ.

"ಅಮ್ಮ ಇಲ್ದಾಗ," ಎಂದಿತು ಮಗು, ಅಳು ತಡೆದುಕೊಂಡು, ಒಂದೊಂದೇ ಮಾತನ್ನು ಬಾಯಿಪಾಠದಂತೆ, "ಯಾರಿಗೂ ತೆಗೀಬಾರ್ದು."

ಅವನ ಮುಷ್ಟಿ ಬಾಗಿಲಿಗೆ ಬಡಿಯಿತು. ಕಟ್ಟಡವೇ ಅದುರಿದ ಹಾಗಾಯಿತು. ಇನ್ನೊಮ್ಮೆ ಬಡಿದ. ಆ ಮೃದು ದನಿ ಎಲ್ಲಿಗೆ ಹೋಯಿತೋ; ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅಕ್ಕನ ಕೈ ಅಭ್ಯಾಸಬಲದಿಂದ ಫೋನು ಎತ್ತಿತು. ಲೈವ್ ಹೋಗಲಿ, ಇವನ ಬಣ್ಣ ಬಯಲಾಗಲಿ, ಲಕ್ಷ ಜನ ನೋಡಲಿ! ಬೆರಳು ಇನ್ನೇನು ಒತ್ತಬೇಕು, ಪರದೆಯಲ್ಲಿ ಅವನ ತಲೆಯ ಪಕ್ಕ ಬಾಗಿಲ ಮೇಲಿನ ಮನೆ ನಂಬರು ಸ್ಪಷ್ಟವಾಗಿ ಕಾಣಿಸಿತು. ಅವಳು ಬೆಂಕಿ ಮುಟ್ಟಿದವಳಂತೆ ಫೋನು ಕೆಳಗಿಳಿಸಿದಳು. ಪೊಲೀಸರ ನಂಬರು ಒತ್ತಿ ಕಿವಿಗಿಟ್ಟುಕೊಂಡಳು, ಇನ್ನೊಂದು ಕೈಯಲ್ಲಿ ಎದುರು ಮನೆಯ ಬಾಗಿಲು ಬಡಿದು, ದೇವರು ತನ್ನ ಪಾಲಿಗೆ ಕೊಟ್ಟ ಗಂಟಲಿಗೆ ಅಷ್ಟೂ ಕೆಲಸ ಕೊಟ್ಟಳು.

"ಬನ್ರೀ ಹೊರಗೆ! ಯಾರಿದ್ದೀರಿ, ಬನ್ನಿ! ನರ್ಸಮ್ಮನ ಮನೆ ಬಾಗ್ಲು ಮುರೀತಾ ಇದಾನೆ, ಒಳಗೆ ಮಗು ಒಂದೇ ಇದೆ!"

ಎದುರು ಮನೆಯ ಅಜ್ಜಿ ಸೌಟು ಹಿಡಿದೇ ಬಂದಳು. ಮೇಲಿನಿಂದ ಸೋಪಿನ ನೊರೆ ಒರೆಸದ ಗಲ್ಲದಲ್ಲೇ ಒಬ್ಬ ಇಳಿದ. ಕೆಳಗಿನ ಪ್ರೆಸ್ಸಿನಿಂದ ಮೂರು ನಾಲ್ಕು ಜನ ಶಾಯಿ ಕೈಗಳಲ್ಲೇ ಮೆಟ್ಟಿಲು ಹತ್ತಿದರು. ಬಂದವನು ಸುತ್ತ ನೋಡಿದ, ಅಂಗಿಯ ತೋಳು ಸರಿಮಾಡಿಕೊಂಡ. ಡಬ್ಬವನ್ನು ಬಾಗಿಲ ಬುಡದಲ್ಲಿ ಜೋಪಾನವಾಗಿ ಇಟ್ಟ. ಯಾರೂ ಅವನನ್ನು ಹಿಡಿಯಲಿಲ್ಲ. ಹಿಡಿಯಬೇಕೆಂದು ಹೊಳೆಯುವುದರೊಳಗೆ ಅವನು ಅವರ ನಡುವೆಯೇ ಇಳಿದು ಹೊರಟಿದ್ದ. ಅಕ್ಕನ ಪಕ್ಕ ಹಾಯುವಾಗ ತಗ್ಗಿದ ದನಿಯಲ್ಲಿ ಹೇಳಿದ: "ಕೀ ಹೋದ್ರೆ ಹೋಗ್ಲಿ. ಮನೆ ಗೊತ್ತಾಯ್ತಲ್ಲ, ಅಷ್ಟು ಸಾಕು. ಇನ್ನೊಂದ್ಸಲ ಥ್ಯಾಂಕ್ಸ್ ಮೇಡಂ."

ನರ್ಸಮ್ಮ ಓಡುತ್ತಲೇ ಬಂದಳು, ಆಸ್ಪತ್ರೆಯ ಚಪ್ಪಲಿಯಲ್ಲೇ. ಮಗಳ ಹೆಸರು ಕೂಗಿದಳು. ಒಳಗಿನ ಹಿಡಿ ತಿರುಗಿತು, ಬಾಗಿಲು ತೆರೆಯಿತು. ತಾಯಿ ಮಗಳು ಹೊಸ್ತಿಲಲ್ಲೇ ಕುಸಿದು ಕೂತು ಒಬ್ಬರನ್ನೊಬ್ಬರು ಹಿಡಿದುಕೊಂಡರು. ಪೊಲೀಸರು ಬಂದರು, ಬರೆದುಕೊಂಡರು. ಹತ್ತಿರ ಸುಳಿಯಬಾರದು ಎಂದು ಅವನಿಗೆ ಕೋರ್ಟು ಹೇಳಿದ ಕಾಗದ ನರ್ಸಮ್ಮನ ಬಳಿ ಇತ್ತು. ಹುಡುಕುತ್ತೇವೆ ಎಂದು ಹೇಳಿ, ಬಾಗಿಲ ಬುಡದ ಡಬ್ಬವನ್ನೂ ತೆಗೆದುಕೊಂಡು ಹೋದರು. ನೆರೆಯವರು ಒಬ್ಬೊಬ್ಬರಾಗಿ ಒಳಗೆ ಸರಿದರು. ಉಳಿದವರು ಇವರಿಬ್ಬರೇ.

ಅಕ್ಕ ಎಲ್ಲವನ್ನೂ ಹೇಳಿದಳು, ಒಂದಕ್ಷರ ಬಚ್ಚಿಡದೆ. ಕೀ ಎತ್ತಿ ಹಿಡಿದದ್ದು, ದನಿಯನ್ನು ಬೇಕೆಂದೇ ಉಳಿಸಿಕೊಂಡದ್ದು, ಕೇಳಿದವನಿಗೆ ಮಹಡಿ, ಬಾಗಿಲು ಎಲ್ಲ ಹೇಳಿದ್ದು. ಮೆಸೇಜನ್ನೂ ತೋರಿಸಿದಳು. ನರ್ಸಮ್ಮ ಓದಿದಳು, ಆ ನಗುವ ಮುಖದವರೆಗೆ ಓದಿದಳು.

"ನಾನು ಮುಖ ಬೇಡ ಅಂದಿದ್ದೆ," ಎಂದಳು.

"ತೋರಿಸ್ಲಿಲ್ಲ..." ಎಂದಳು ಅಕ್ಕ, ಅಂದ ಮೇಲೆ ಆ ಮಾತು ಎಷ್ಟು ಸಣ್ಣದು ಎಂದು ಅವಳಿಗೇ ಹೇಸಿಗೆಯಾಯಿತು.

"ಮುಖ ಬೇಡ ಅಂದ್ರೆ ಏನು ಅಂತ ನಿಮ್ಗೆ ಅರ್ಥ ಆಗ್ಲಿಲ್ವಾ ಅಕ್ಕಾ? ನೀವೂ ಹೆಂಗಸಲ್ವಾ?"

ಆ 'ಅಕ್ಕಾ' ಎನ್ನುವುದನ್ನು ಅವಳು ಸಿಟ್ಟಿನಲ್ಲಿ ಅಂದಿರಲಿಲ್ಲ, ಅಭ್ಯಾಸಕ್ಕೆ ಅಂದಿದ್ದಳು. ಅದೇ ಹೆಚ್ಚು ಉರಿಯಿತು.

ತಮ್ಮ ನೆಲದ ಮೇಲೆ ಕೂತು, ತೆರೆದ ಬಾಗಿಲಿನಿಂದ ಕೆಟ್ಟ ಬೀಗ ಬಿಚ್ಚಿ, ಹೊಸದರ ಡಬ್ಬ ತೆಗೆಯುತ್ತಿದ್ದ. ನರ್ಸಮ್ಮ ಅವನ ಕೈ ಮೇಲೆ ಕೈಯಿಟ್ಟು ತಡೆದಳು.

"ಬೇಡಣ್ಣಾ. ಯಾರಿಗೆ ಹಾಕ್ತೀರಿ? ನಾವು ಈಗ್ಲೇ ಹೊರಟ್ವಿ."

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಇದು ಅವಳಿಗೆ ಮೊದಲ ಸಲವಲ್ಲ ಎನ್ನುವುದು ಅವಳು ಗಂಟು ಕಟ್ಟುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಯಾವುದು ಬೇಕು, ಯಾವುದು ಬಿಟ್ಟು ಹೋಗಬಹುದು ಎಂದು ಅವಳು ಯೋಚಿಸಲೇ ಇಲ್ಲ. ಮಗಳು ಶಾಲೆಯ ಚೀಲಕ್ಕೆ ಪುಸ್ತಕದ ಬದಲು ಬಟ್ಟೆ ತುಂಬಿದಳು. ಗೋಡೆಗೆ ಅಂಟಿಸಿದ ಬಣ್ಣದ ಚಿತ್ರವೊಂದನ್ನು ಕೀಳಲು ಹೋಗಿ, ಅಮ್ಮನ ಮುಖ ನೋಡಿ, ಬಿಟ್ಟಳು. ಅಕ್ಕ ಮತ್ತು ತಮ್ಮ ಎರಡು ಸೂಟ್‌ಕೇಸು, ಒಂದು ಹಾಸಿಗೆಯ ಸುರುಳಿ ಕೆಳಗಿಳಿಸಿದರು. ಬೇಡ ಎನ್ನಲು ನರ್ಸಮ್ಮನಿಗೆ ಪುರುಸೊತ್ತಿರಲಿಲ್ಲ.

ಟ್ಯಾಕ್ಸಿ ಬಂತು. ಮೇಲೆ ಬಿಟ್ಟಿದ್ದ ಕೊನೆಯ ಚೀಲಕ್ಕೆ ನರ್ಸಮ್ಮ ಮೇಲೆ ಹತ್ತಿದಾಗ ಅಕ್ಕ ಹಿಂದೆಯೇ ಹೋದಳು. "ಎಲ್ಲಿಗಾದ್ರೂ ಹೋಗಿ, ಹೊಸ ಮನೆಗೆ ಬೀಗ ನನ್ನ ತಮ್ಮ ಬಂದು ಹಾಕ್ಕೊಡ್ತಾನೆ," ಎಂದಳು, ಕೈ ಮುಗಿಯುವ ಹಾಗೆ. "ಯಾರಿಗೂ ಗೊತ್ತಾಗಲ್ಲ. ನಮ್ಮಿಬ್ಬರ ಮೇಲಾಣೆ."

"ಬೇರೆಯವ್ರ ಹತ್ರ ಹಾಕಿಸ್ಕೋತೀನಿ," ಎಂದಳು ನರ್ಸಮ್ಮ. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ತನಕ ಹೋಗಿ ತಿರುಗಿದಳು. "ಒಂದು ಉಪಕಾರ ಮಾಡಿ. ಕಾರು ಹೋಗೋ ತನಕ ನೀವಿಬ್ರೂ ಇಲ್ಲೇ ಒಳಗೆ ಇರಿ. ಯಾವ ಕಡೆ ತಿರುಗ್ತು ಅಂತ ನೋಡ್ಬೇಡಿ. ನೋಡಿದ್ರೆ ನಾಳೆ ಯಾರಾದ್ರೂ ಕೇಳ್ತಾರೆ, ನೀವು ಹೇಳಿಬಿಡ್ತೀರಿ."

ಅಕ್ಕ ತಮ್ಮನನ್ನು ಮೇಲಕ್ಕೆ ಕರೆದಳು. ಖಾಲಿ ಮನೆಯಲ್ಲಿ ಇಬ್ಬರೂ ಬೀದಿಯ ಕಡೆಗಿದ್ದ ಕಿಟಕಿಗೆ ಬೆನ್ನು ಮಾಡಿ ನಿಂತರು. ಕೆಳಗೆ ಕಾರಿನ ಬಾಗಿಲು ಮುಚ್ಚಿತು, ಮಗು ಏನೋ ಕೇಳಿತು. ಇಂಜಿನು ಶುರುವಾಗಿ ಸ್ವಲ್ಪ ದೂರ ಹೋಗಿ, ತಿರುವಿನ ಹತ್ತಿರ ನಿಧಾನವಾಯಿತು. ಎಡಕ್ಕೋ ಬಲಕ್ಕೋ, ಕಿವಿಗೊಟ್ಟರೆ ಗೊತ್ತಾಗುತ್ತಿತ್ತು. ಅಕ್ಕ ಎರಡೂ ಕಿವಿಗಳನ್ನು ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡಳು.